ನನ್ನ ದನಿಯಲ್ಲಿ ಮಾತಾಡುವ ಯಂತ್ರ

ನಮ್ಮ ಕಂಪನಿಯನ್ನು ಮಾರಿಬಿಟ್ಟಿದ್ದಾರೆ ಅನ್ನುವ ಸುದ್ದಿ ನನಗೆ ಗೊತ್ತಾದದ್ದು ಕುವೈತಿನ ಮೀನಾ ಅಬ್ದುಲ್ಲಾ ಅನ್ನುವ ಊರಿನ ರಿಫೈನರಿಯಲ್ಲಿ, ಒಂದು ದೊಡ್ಡ ಕಂಪ್ರೆಸರಿನ ಪಕ್ಕ ಕಿವಿಗೆ ಮಫ್ ಹಾಕಿಕೊಂಡು ನಿಂತಿದ್ದಾಗ. ಜೊತೆಗೆ ಬಂದಿದ್ದ ನಮ್ಮ ಸ್ಟೋರ್ ಕೀಪರ್ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು. ಯಂತ್ರದ ಸದ್ದಿನಲ್ಲಿ ಅವರು ಏನೋ ಹೇಳುತ್ತಿದ್ದರು, ತುಟಿ ಮಾತ್ರ ಆಡುತ್ತಿತ್ತು. ಹೊರಗೆ ನೆರಳಿಗೆ ಬಂದು ಮಫ್ ತೆಗೆದ ಮೇಲೆ ಕೇಳಿಸಿತು.

"ನಮ್ಮನ್ನು ಮಾರಿ ಆಯ್ತಂತೆ ಮಾರಾಯ್ರೇ. ಅಮೆರಿಕದಲ್ಲಿ ಯಾರೋ ಹುಡುಗಿ ತಕ್ಕೊಂಡಳಂತೆ."

ಅವರು ಉಡುಪಿ ಕಡೆಯವರು. ಮನೆಯಲ್ಲಿ ತುಳು, ನನ್ನ ಜೊತೆ ಕನ್ನಡ. ನನಗಿಂತ ಮುಂಚೆ ಈ ದೇಶಕ್ಕೆ ಬಂದವರು, ಅದೇ ಕಂಪನಿಯಲ್ಲಿ ಕೂದಲು ಬೆಳ್ಳಗಾದವರು. ನಾನು ಮಂಡ್ಯದವನು. ಮೆಕ್ಯಾನಿಕಲ್ ಓದಿ, ಒಂದಷ್ಟು ಕಾಲ ಮೈಸೂರಿನ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಈ ಅಮೆರಿಕನ್ ಕಂಪನಿಯ ಕುವೈತ್ ಶಾಖೆಗೆ ಸೇರಿದ್ದೆ. ಗ್ಯಾಸನ್ನು ಒತ್ತುವ, ತಂಪು ಮಾಡುವ ದೊಡ್ಡ ಕಂಪ್ರೆಸರುಗಳನ್ನು ನಮ್ಮ ಕಂಪನಿ ತಯಾರಿಸುತ್ತಿತ್ತು. ನನ್ನ ಕೆಲಸ ಆ ಯಂತ್ರಗಳ ಅದುರಾಟ ಪರೀಕ್ಷಿಸುವುದು. ಕೈಯಲ್ಲೊಂದು ಮೀಟರು ಹಿಡಿದು ಯಂತ್ರದ ಮೈಯ ಅಲ್ಲಲ್ಲಿ ಒತ್ತಿ, ಯಾವ ಬೇರಿಂಗು ಸವೆದಿದೆ, ಯಾವುದು ಇನ್ನೂ ಬಾಳುತ್ತದೆ ಎಂದು ಹೇಳಬೇಕು. ಆಸ್ಪತ್ರೆಯಲ್ಲಿ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟ ಹಾಗೆ.

ಆ ಹೊತ್ತಿನಲ್ಲಿ ನನಗಾದದ್ದು ಬರೀ ಭಯ. ಇದನ್ನು ಊರಿನಲ್ಲಿರುವವರಿಗೆ ಬಿಡಿಸಿ ಹೇಳುವುದು ಕಷ್ಟ. ಅಲ್ಲಿ ಕೆಲಸ ಹೋದರೆ ಕೆಲಸ ಮಾತ್ರ ಹೋಗುತ್ತದೆ. ಇಲ್ಲಿ ಕೆಲಸ ಹೋದರೆ ಇಕಾಮಾ, ಅಂದರೆ ಈ ನೆಲದಲ್ಲಿ ಇರುವುದಕ್ಕೆ ಕೊಟ್ಟ ಅನುಮತಿಯೇ ಹೋಗುತ್ತದೆ. ನನ್ನ ಹೆಂಡತಿಯದೂ ಮಗಳದೂ ನನ್ನ ಇಕಾಮಾಕ್ಕೆ ಜೋತುಬಿದ್ದಿತ್ತು. ರಿಗ್ಗೈನಲ್ಲಿ ಬಾಡಿಗೆಗಿದ್ದ ಮನೆ, ಮಗಳ ಶಾಲೆ, ಬ್ಯಾಂಕಿನ ಖಾತೆ, ಕೊನೆಗೆ ಜೇಬಿನಲ್ಲಿದ್ದ ಮೊಬೈಲ್ ನಂಬರು ಕೂಡ ಅದೇ ಒಂದು ಎಳೆಗೆ ನೇತಾಡುತ್ತಿತ್ತು. ಮಗಳು ಆಗ ಹತ್ತನೇ ಕ್ಲಾಸು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಮೈಸೂರಿನವಳು, ಎದೆ ಒಡೆಯುವ ಸುದ್ದಿಯನ್ನೂ ಮೆಲ್ಲಗೆ ಕೇಳಿಸಿಕೊಳ್ಳುವ ಸ್ವಭಾವ.

"ಕೊಂಡುಕೊಂಡವರು ಮುಚ್ಚೋಕೆ ಕೊಂಡುಕೋತಾರೇನ್ರೀ? ನಡೆಸೋಕೆ ತಾನೇ?" ಎಂದಳು.

"ನಡೆಸ್ತಾರೆ. ನಮ್ಮನ್ನ ಇಟ್ಕೊಂಡು ನಡೆಸ್ತಾರೋ, ಬಿಟ್ಟು ನಡೆಸ್ತಾರೋ ಅದು ಗೊತ್ತಿಲ್ಲ."

ಮರುದಿನ ಎಲ್ಲರನ್ನೂ ದೊಡ್ಡ ಪರದೆಯ ಮುಂದೆ ಕೂರಿಸಿದರು. ಹೊಸ ಒಡತಿ ಮಾತಾಡಿದಳು. ಮೂವತ್ತು ದಾಟಿದ್ದಳೋ ಇಲ್ಲವೋ, ಬೂದು ಬಣ್ಣದ ಟೀ ಶರ್ಟು, ಹಿಂದೆ ಬೋಳು ಗೋಡೆ. ಅವಳ ಕಂಪನಿ ಯಾವ ಯಂತ್ರವನ್ನೂ ತಯಾರಿಸುತ್ತಿರಲಿಲ್ಲ. ಯಂತ್ರಕ್ಕೆ ಅಂಟಿಸುವ ಸಣ್ಣ ಸೆನ್ಸರುಗಳು, ಅವು ಕಳಿಸಿದ್ದನ್ನು ಓದಿ ಯಂತ್ರ ಯಾವಾಗ ಕೆಡುತ್ತದೆ ಎಂದು ಮೊದಲೇ ಹೇಳುವ ಸಾಫ್ಟ್‌ವೇರು, ಇಷ್ಟೇ ಅವಳ ಬಂಡವಾಳ. ಅದರ ಬಲದ ಮೇಲೆ ನಾಲ್ಕು ತಲೆಮಾರಿನ ಕಾರ್ಖಾನೆಯನ್ನು ಕೊಂಡಿದ್ದಳು.

ಅವಳು ಹೇಳಿದ ಒಂದು ಮಾತು ನೆನಪಿದೆ. ಇನ್ನು ಮುಂದೆ ನಾವು ಯಂತ್ರ ಮಾರುವುದಿಲ್ಲ, ತಂಪನ್ನು ಮಾರುತ್ತೇವೆ ಎಂದಳು. ಐಸ್‌ಕ್ರೀಮ್ ಕಾರ್ಖಾನೆಯವರಿಗೆ ಕಂಪ್ರೆಸರು ಕಟ್ಟಿಕೊಂಡು ಏನಾಗಬೇಕು? ಅವರಿಗೆ ಬೇಕಾದದ್ದು ತಂಪು. ಯಂತ್ರ ನಮ್ಮದಾಗಿಯೇ ಅವರ ಕಟ್ಟಡದಲ್ಲಿ ಇರುತ್ತದೆ, ನೋಡಿಕೊಳ್ಳುವುದೂ ನಾವೇ, ಅವರು ತಿಂಗಳು ತಿಂಗಳು ತಂಪಿಗೆ ಮಾತ್ರ ಕೊಟ್ಟರೆ ಸಾಕು. ಅಮೆರಿಕದಲ್ಲಿ ಕೋಳಿ ಮಾಂಸದವರು, ಹಾಲಿನವರು, ಆಲೂಗಡ್ಡೆ ಚಿಪ್ಸಿನವರು ಎಲ್ಲ ಇದಕ್ಕೆ ಒಪ್ಪಿಕೊಳ್ಳುತ್ತಿದ್ದಾರಂತೆ. ತಮ್ಮ ಕಾರ್ಖಾನೆಯ ಯಂತ್ರದ ಕೋಣೆಗೆ ಇಷ್ಟು ಜನ ಆಪರೇಟರುಗಳನ್ನು ಇಟ್ಟುಕೊಳ್ಳುವ ತಲೆನೋವು ಅವರಿಗಿಲ್ಲ.

"ಆ ಆಪರೇಟರುಗಳು ಎಲ್ಲಿಗೆ ಹೋಗ್ತಾರೆ?" ಎಂದು ಸ್ಟೋರ್ ಕೀಪರ್ ನನ್ನ ಕಿವಿಯಲ್ಲಿ ಕೇಳಿದರು. ನನಗೆ ನಮ್ಮದೇ ಚಿಂತೆ. ಅಮೆರಿಕದ ಆಪರೇಟರುಗಳ ಬಗ್ಗೆ ಯೋಚಿಸಲಿಲ್ಲ.

ಬೇಸಿಗೆಗೆ ಮುಂಚೆ ಸೆನ್ಸರುಗಳು ಬಂದವು. ಬೆರಳ ತುದಿಯಷ್ಟು ದೊಡ್ಡವು, ಕೆಳಗೆ ಅಯಸ್ಕಾಂತ. ಮೀನಾ ಅಬ್ದುಲ್ಲಾದ ಕಂಪ್ರೆಸರುಗಳಿಗೆ ನಾನೇ ನನ್ನ ಕೈಯಾರೆ ಅಂಟಿಸಿದೆ. ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಪರದೆಯಲ್ಲಿ ಒಂದು ಕಂಪ್ರೆಸರು ಕೆಂಪಾಯಿತು. ಒಳಗಿನ ಬೇರಿಂಗು ಹೋಗುತ್ತಿದೆ, ನಿಲ್ಲಿಸಿ ಎಂದಿತು. ನಾನು ಮೀಟರು ತೆಗೆದುಕೊಂಡು ಹೋಗಿ ಅದರ ಮೈಯೆಲ್ಲ ತಡಕಿದೆ. ಏನೂ ಕಾಣಲಿಲ್ಲ. ಅಷ್ಟು ಕಾಲ ಆ ಯಂತ್ರದ ಜೊತೆ ಒಡನಾಡಿದವನು ನಾನು, ಚೆನ್ನಾಗಿಯೇ ಇದೆ ಎಂದು ಮ್ಯಾನೇಜರಿಗೆ ಹೇಳಿದೆ. ಅವರು ಈಜಿಪ್ಟಿನವರು, ನನ್ನ ಮೇಲೆ ನಂಬಿಕೆ ಇಟ್ಟವರು. ಆದರೂ ಅಮೆರಿಕದಿಂದ ಫೋನು ಬಂದದ್ದರಿಂದ ನಿಲ್ಲಿಸಿ ಬಿಚ್ಚಿಸಿದರು.

ಬೇರಿಂಗಿನ ಒಳಬಳೆಯಲ್ಲಿ ಸೀಳು ಇತ್ತು. ಕೂದಲೆಳೆಯಷ್ಟು. ಇನ್ನು ಕೆಲವು ದಿನ ಓಡಿದ್ದರೆ ಬಳೆ ಮುರಿದು, ಒಳಗಿನ ಗ್ಯಾಸು ಹೊರಗೆ ಬರುತ್ತಿತ್ತು. ಆಗ ಪಕ್ಕದಲ್ಲಿ ಮೀಟರು ಹಿಡಿದು ನಿಂತಿರುತ್ತಿದ್ದವನು ಬಹುಶಃ ನಾನೇ. ಸ್ಟೋರ್ ಕೀಪರ್ ಆ ಬಳೆಯನ್ನು ಅಂಗೈ ಮೇಲೆ ಇಟ್ಟುಕೊಂಡು ನನಗೆ ತೋರಿಸಿದರು.  ಆ ಸೆನ್ಸರು ಸುಳ್ಳು ಹೇಳಿದ್ದರೆ ಬೈದುಕೊಂಡು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅದು ನಿಜ ಹೇಳಿತ್ತು. ನನ್ನ ಪ್ರಾಣ ಉಳಿಸಿತ್ತು. ಅದೇ ಏಟಿಗೆ ನನ್ನ ಕೆಲಸಕ್ಕೆ ಅರ್ಥವಿಲ್ಲ ಅನ್ನುವುದನ್ನೂ ಎಲ್ಲರೆದುರು ತೋರಿಸಿತ್ತು.

ಆಮೇಲೆ ಒಬ್ಬೊಬ್ಬರೇ ಹೊರಟರು. ವೀಸಾ ಕೆಲಸ ನೋಡಿಕೊಳ್ಳುವ ಕಂಪನಿಯ ಮಂದೂಬ್ ಒಳ್ಳೆಯ ಮನುಷ್ಯ. ಆದರೆ ಅವರು ಕಾರಿಡಾರಿನಲ್ಲಿ ನಡೆದು ಬರುವುದು ಕಂಡರೆ ಎಲ್ಲರೂ ಮುಖ ಕೆಳಗೆ ಹಾಕಿ ಕಂಪ್ಯೂಟರು ನೋಡುತ್ತಿದ್ದೆವು. ಒಂದು ಭಾನುವಾರ ಅವರು ಸ್ಟೋರಿನ ಕಡೆ ತಿರುಗಿದರು. ಬಿಡಿಭಾಗಗಳನ್ನೆಲ್ಲ ಇನ್ನು ದುಬೈನಿಂದಲೇ ಕಳಿಸುತ್ತಾರಂತೆ, ಇಲ್ಲಿ ಸ್ಟೋರೇ ಬೇಡವಂತೆ.

ಉಡುಪಿಯವರನ್ನು ಏರ್‌ಪೋರ್ಟಿಗೆ ಬಿಡಲು ನಾನೇ ಹೋದೆ. ಕಾರಿನಲ್ಲಿ ಅವರು ಊರಿನ ಬಾವಿ, ತಂಗಿಯ ಮಗನ ಮದುವೆ ಅಂತ ಏನೇನೋ ಮಾತಾಡಿದರು. ಇಳಿಯುವಾಗ ಮಾತ್ರ ನನ್ನ ತೋಳು ಹಿಡಿದರು.

"ನೀವು ಹೆದರಬೇಡಿ ಆಯ್ತಾ? ಹೆದರಿದ್ರೆ ಮುಖದಲ್ಲಿ ಗೊತ್ತಾಗ್ತದೆ. ಅವರು ಹೆದರಿದವರನ್ನೇ ಮೊದಲು ಕಳಿಸುದು."

ಅವರು ತಮಾಷೆಗೆ ಹೇಳಿದರೋ ನಿಜವಾಗಿ ಹೇಳಿದರೋ ತಿಳಿಯಲಿಲ್ಲ. ಆವತ್ತಿನಿಂದ ಆಫೀಸಿನೊಳಗೆ ಹೋಗುವ ಮುಂಚೆ ಲಿಫ್ಟಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದು ನನಗೆ ರೂಢಿಯಾಯಿತು.

ನನ್ನನ್ನು ಕಳಿಸಲಿಲ್ಲ. ನನ್ನನ್ನೂ ಇನ್ನು ಕೆಲವರನ್ನೂ ಉಳಿಸಿಕೊಂಡು ಹೊಸ ಕೆಲಸ ಕೊಟ್ಟರು. ಅಮೆರಿಕದ ರಾತ್ರಿ ನಮ್ಮ ಹಗಲು. ಅಲ್ಲಿನ ಕಾರ್ಖಾನೆಗಳು ಮಲಗುವ ಹೊತ್ತಿಗೆ ನಾವಿಲ್ಲಿ ತಿಂಡಿ ತಿಂದು ಕೂತು ಅವುಗಳ ತಂಪಿನ ಯಂತ್ರಗಳನ್ನು ಪರದೆಯಲ್ಲಿ ಕಾಯಬೇಕು. ಹೆಚ್ಚಿನ ದಿನ ಆಫೀಸಿನಿಂದ, ಕೆಲವು ದಿನ ಮನೆಯಿಂದ. ಮೊದಮೊದಲು ಏನಾದರೂ ಏರುಪೇರು ಕಂಡರೆ ಆ ಕಾರ್ಖಾನೆಗೆ ನಾವೇ ಫೋನು ಮಾಡುತ್ತಿದ್ದೆವು. "ಸರ್, ಎರಡನೇ ಕಂಪ್ರೆಸರಿನ ಎಣ್ಣೆ ಬಿಸಿಯಾಗುತ್ತಿದೆ, ಒಮ್ಮೆ ನೋಡಿ." ಅಮೆರಿಕದವರಿಗೆ ತಿಳಿಯುವ ಹಾಗೆ ನಾಲಗೆ ತಿದ್ದಿಕೊಂಡು, ಸಮಾಧಾನವಾಗಿ, ಎಲ್ಲೂ ದನಿ ಏರಿಸದೆ ಮಾತಾಡಬೇಕಿತ್ತು. ಅದನ್ನು ನಾನು ಚೆನ್ನಾಗಿ ಕಲಿತೆ. ಎಷ್ಟು ಚೆನ್ನಾಗಿ ಅಂದರೆ ನಮ್ಮ ಮಂಡ್ಯದ ಸ್ನೇಹಿತರು ಫೋನು ಮಾಡಿದರೆ, "ಏನ್ಲಾ, ಏರ್ ಹೋಸ್ಟೆಸ್ ತರ ಮಾತಾಡ್ತೀಯ" ಎಂದು ನಗುತ್ತಿದ್ದರು.

ನಡುವೆ ಒಮ್ಮೆ ನಮ್ಮನ್ನು ಸದ್ದು ಹೊಗದ ಕೋಣೆಯಲ್ಲಿ ಕೂರಿಸಿ ಒಂದಷ್ಟು ವಾಕ್ಯ ಓದಿಸಿದರು. ಕರೆಗಳ ಗುಣಮಟ್ಟಕ್ಕೆ ಅಂದರು. ಓದಿದೆವು, ಸಹಿ ಹಾಕಿದೆವು, ಮರೆತೆವು.

ಅದು ಒಂದು ಶುಕ್ರವಾರ, ಇಲ್ಲಿ ವಾರದ ರಜೆ. ಅಡುಗೆಮನೆಯಲ್ಲಿ ಕೂತು ದೋಸೆ ತಿನ್ನುತ್ತಿದ್ದೆ. ಹಾಲ್‌ನಲ್ಲಿ ನನ್ನ ಲ್ಯಾಪ್‌ಟಾಪ್ ತೆರೆದಿತ್ತು, ಹೊಸ ಸಾಫ್ಟ್‌ವೇರಿನ ಪರಿಚಯದ ವಿಡಿಯೋ ಒಂದನ್ನು ಕಳಿಸಿದ್ದರು, ತಿಂಡಿ ಮುಗಿಸಿ ನೋಡೋಣ ಎಂದು ಹಾಗೇ ಬಿಟ್ಟು ಬಂದಿದ್ದೆ. ಮಗಳು ಏನೋ ಹುಡುಕುತ್ತ ಅದನ್ನು ಮುಟ್ಟಿರಬೇಕು. ಹಾಲ್‌ನಲ್ಲಿ ಮಾತು ಶುರುವಾಯಿತು. ನನ್ನ ಮಾತು. ನನ್ನದೇ ಗಂಟಲು, ನನ್ನದೇ ತಿದ್ದಿದ ಇಂಗ್ಲಿಷು. ಯಾವುದೋ ಕಾರ್ಖಾನೆಯ ಎಣ್ಣೆ ಬಿಸಿಯಾಗುತ್ತಿದೆ ಎಂದು ನಾನು ಯಾರಿಗೋ ಹೇಳುತ್ತಿದ್ದೆ. ಆ ಮಾತುಗಳನ್ನು ನಾನು ಯಾವತ್ತೂ ಆಡಿರಲಿಲ್ಲ.

ಮಗಳು ಅಡುಗೆಮನೆಯ ಬಾಗಿಲಿಗೆ ಬಂದಳು. ನನ್ನನ್ನು ನೋಡಿ ಅಲ್ಲೇ ನಿಂತುಬಿಟ್ಟಳು. ಹಾಲ್‌ನಲ್ಲಿ ನಾನು ಇನ್ನೂ ಮಾತಾಡುತ್ತಲೇ ಇದ್ದೆ.

"ಡ್ಯಾಡಿ, ಯೂ ಆರ್ ಹಿಯರ್?" ಎಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಹೆಂಡತಿಯ ಕೈಯಲ್ಲಿದ್ದ ಸೌಟು ಹಂಚಿನ ಮೇಲೆ ಹಾಗೇ ನಿಂತಿತು, ದೋಸೆ ಸೀದ ವಾಸನೆ ಬಂತು. ನಾನು ಎದ್ದು ಹೋಗಿ ಲ್ಯಾಪ್‌ಟಾಪ್ ಮುಚ್ಚಿದೆ.

"ಅದು ನೀವಲ್ವೇನ್ರೀ?" ಹೆಂಡತಿ ಕೇಳಿದಳು.

"ಅಲ್ಲ."

"ಮತ್ತೆ?"

ಮರುವಾರ ಆಫೀಸಿನಲ್ಲಿ ಗೊತ್ತಾಯಿತು, ಸದ್ದು ಹೊಗದ ಆ ಕೋಣೆಯಲ್ಲಿ ಓದಿಸಿದ್ದು ಇದಕ್ಕೇ. ಇನ್ನು ಮುಂದೆ ಫೋನು ಮಾಡುವ ಕೆಲಸವನ್ನೂ ಯಂತ್ರಕ್ಕೇ ಕೊಟ್ಟಿದ್ದರು, ಅದಕ್ಕೆ ದನಿಯಾಗಿ ನನ್ನನ್ನು ಆರಿಸಿಕೊಂಡಿದ್ದರು. ಮ್ಯಾನೇಜರು ಅದನ್ನು ಹೆಮ್ಮೆಯ ವಿಷಯ ಎಂಬಂತೆ ಹೇಳಿದರು. ನನ್ನ ಪಾಲಿಗೆ ಉಳಿದದ್ದು ಪರದೆಯ ಮುಂದೆ ಸುಮ್ಮನೆ ಕೂತು, ನನ್ನ ದನಿ ಅಮೆರಿಕದ ರಾತ್ರಿಯಲ್ಲಿ ಯಾರುಯಾರನ್ನೋ ಎಬ್ಬಿಸುವುದನ್ನು ನೋಡುವುದು. ಅದಕ್ಕೆ ನಿದ್ದೆ ಇಲ್ಲ, ಇಕಾಮಾ ಬೇಡ. ಒಂದೇ ಕ್ಷಣದಲ್ಲಿ ಬೇರೆ ಬೇರೆ ಊರುಗಳಿಗೆ ಒಟ್ಟಿಗೆ ಫೋನು ಮಾಡುತ್ತಿತ್ತು. ನನ್ನನ್ನು ಯಾಕಿನ್ನೂ ಇಟ್ಟುಕೊಂಡಿದ್ದಾರೆ ಎಂದು ನನಗೇ ಅರ್ಥವಾಗುತ್ತಿರಲಿಲ್ಲ. ಕೇಳುವುದಕ್ಕೂ ಧೈರ್ಯವಿರಲಿಲ್ಲ. ಕೇಳಿದರೆ ಅವರಿಗೂ ಆ ಪ್ರಶ್ನೆ ಹೊಳೆದುಬಿಟ್ಟರೆ?

ಹೀಗೆ ಚಳಿಗಾಲ ಕಳೆಯಿತು, ಮತ್ತೆ ಧೂಳಿನ ದಿನಗಳು ಬಂದವು. ಆ ಬೆಳಿಗ್ಗೆ ಹೊರಗೆ ಆಕಾಶ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಎದುರಿನ ಕಟ್ಟಡ ಕಾಣುತ್ತಿರಲಿಲ್ಲ. ಧೂಳಿನಿಂದಾಗಿ ಶಾಲೆಗೂ ರಜೆ. ನಾನು ಮನೆಯಿಂದಲೇ ಕೆಲಸಕ್ಕೆ ಕೂತಿದ್ದೆ. ಅಮೆರಿಕದ ಒಂದು ಸಣ್ಣ ಊರಿನ ಐಸ್‌ಕ್ರೀಮ್ ಕಾರ್ಖಾನೆಯ ಮೇಲೆ ನನ್ನ ಕಣ್ಣು ಬಿತ್ತು. ಅದರ ಯಂತ್ರದ ಕೋಣೆಯಲ್ಲಿ ಅಮೋನಿಯಾ ಇದೆ ಎಂದು ಒಂದು ಸೆನ್ಸರು ಹಳದಿ ತೋರಿಸುತ್ತಿತ್ತು.

ದೊಡ್ಡ ತಂಪಿನ ಯಂತ್ರಗಳಲ್ಲಿ ಓಡುವುದು ಅಮೋನಿಯಾ. ಪೈಪಿನ ಒಳಗಿದ್ದರೆ ಸಾಧು. ಹೊರಗೆ ಬಂದರೆ ಕಣ್ಣು ಸುಡುತ್ತದೆ, ಉಸಿರಿನ ದಾರಿ ಸುಡುತ್ತದೆ, ಹೆಚ್ಚಾದರೆ ಒಂದೆರಡು ಉಸಿರಿಗೇ ಮನುಷ್ಯ ಬೀಳುತ್ತಾನೆ. ಆದರೆ ಆ ಸೆನ್ಸರು ವಾರದಿಂದ ಸುಳ್ಳು ಹೇಳುತ್ತಿತ್ತು. ಅಲ್ಲಿ ನೆಲ ತೊಳೆದಾಗಲೆಲ್ಲ ಆವಿ ತಗುಲಿ ಹಳದಿಯಾಗುತ್ತಿತ್ತು. ಪ್ರತಿ ಸಲವೂ ನನ್ನ ದನಿಯ ಯಂತ್ರ ಅಲ್ಲಿಗೆ ಫೋನು ಮಾಡುತ್ತಿತ್ತು, ಅಲ್ಲಿನ ಮನುಷ್ಯ "ಸರಿ" ಎಂದು ಗುಂಡಿ ಒತ್ತಿ ಫೋನು ಇಡುತ್ತಿದ್ದ. ಈ ಸಲವೂ ಹಾಗೇ ಆಗಿತ್ತು. ಕರೆ ಹೋಗಿತ್ತು, ಆತ ಒತ್ತಿ ಇಟ್ಟಿದ್ದ.

ನಾನೂ ಬಿಟ್ಟುಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಅದೇ ಕೋಣೆಯ ಇನ್ನೊಂದು ಮೂಲೆಯ ಸೆನ್ಸರೂ ಹಳದಿಯಾಯಿತು. ಅದು ಯಾವತ್ತೂ ಸುಳ್ಳು ಹೇಳಿದ್ದಲ್ಲ. ಪೈಪಿನ ಒತ್ತಡ ಇಳಿಯುತ್ತಿತ್ತು.  ಇಲ್ಲಿಂದಲೇ ಕಂಪ್ರೆಸರನ್ನು ನಿಲ್ಲಿಸಿದೆ. ಯಂತ್ರ ನಿಂತಿತು. ಆದರೆ ಆಗಲೇ ಹೊರಬಿದ್ದ ಗ್ಯಾಸನ್ನು ನಾನು ಇಲ್ಲಿಂದ ಹಿಡಿದು ಒಳಗೆ ಹಾಕಲಾರೆ.

ಕಾರ್ಖಾನೆಯ ರಾತ್ರಿ ಪಾಳಿಯವರ ಮೊಬೈಲಿಗೆ ಫೋನು ಮಾಡಿದೆ. ಒರಟು ಗಂಟಲಿನ ಗಂಡಸು ಎತ್ತಿದ.

"ಆಯ್ತು ಆಯ್ತು, ಈಗ ತಾನೆ ಹೇಳಿದೆಯಲ್ಲ. ಹೋಗ್ತಾ ಇದ್ದೀನಿ. ಆ ದರಿದ್ರ ಸೆನ್ಸರನ್ನೇ ಕಿತ್ತು ಬಿಸಾಕ್ತೀನಿ," ಎಂದ. ಎಲ್ಲ ಇಂಗ್ಲಿಷಿನಲ್ಲಿ, ಅವರ ಊರಿನ ಎಳೆದಾಡುವ ಇಂಗ್ಲಿಷಿನಲ್ಲಿ. ಅವನ ಬೂಟಿನ ಸದ್ದು ಕೇಳುತ್ತಿತ್ತು. ನಡೆದುಕೊಂಡು ಹೋಗುತ್ತಿದ್ದ.

"ಸರ್, ದಯವಿಟ್ಟು ಒಳಗೆ ಹೋಗಬೇಡಿ. ಇದು ಸುಳ್ಳು ಅಲಾರಾಂ ಅಲ್ಲ. ನಿಜವಾಗಿ ಗ್ಯಾಸು ಸೋರುತ್ತಿದೆ."

"ನಿನ್ನೆಯೂ ಇದನ್ನೇ ಹೇಳಿದೆ."

"ನಿನ್ನೆ ಹೇಳಿದ್ದು ನಾನಲ್ಲ ಸರ್, ಅದು ಯಂತ್ರ. ನಾನು ಮನುಷ್ಯ."

ಆತ ನಕ್ಕ. "ಇದೇನು, ಹೊಸದಾಗಿ ಕಲಿಸಿದ್ದಾರಾ?"

 ನಾನು ಎಷ್ಟು ಸಮಾಧಾನವಾಗಿ, ಎಷ್ಟು ಸ್ಪಷ್ಟವಾಗಿ ಹೇಳಿದರೆ ಅಷ್ಟೂ ಅದು ಯಂತ್ರದ ಮಾತೇ ಆಗುತ್ತಿತ್ತು. ಆತ ಪ್ರತಿ ರಾತ್ರಿ ಕೇಳಿ ಬೇಸತ್ತ ಅದೇ ದನಿ. ನಾನು ಯಾರೆಂದು ಹೇಳಿದೆ, ಕುವೈತಿನಿಂದ ಮಾತಾಡುತ್ತಿದ್ದೇನೆ ಎಂದೆ, ನನಗೊಬ್ಬಳು ಮಗಳಿದ್ದಾಳೆ ಎಂದೆ. ಅದನ್ನೆಲ್ಲ ಯಂತ್ರವೂ ಹೇಳಬಲ್ಲದು. ಜೊತೆಯಲ್ಲಿ ಯಾರಿದ್ದಾರೆ, ಅವರಿಗೆ ಕೊಡಿ ಎಂದು ಬೇಡಿಕೊಂಡೆ.

"ಯಾರೂ ಇಲ್ಲ. ಮುಂಚೆ ಮೂರು ಜನ ಇದ್ವಿ. ನೀನು ಬಂದ ಮೇಲೆ ನಾನೊಬ್ಬನೇ," ಎಂದ.

ಹೆಂಡತಿ ಬಂದು ಬಾಗಿಲಲ್ಲಿ ನಿಂತಿದ್ದಳು. ಪರದೆಯಲ್ಲಿ ಎರಡು ಸೆನ್ಸರೂ ಕೆಂಪಾದವು. ಆ ಕಡೆ ಬೂಟಿನ ಸದ್ದು ನಿಂತಿತು. ಬೀಗದ ಗುಂಡಿಗಳನ್ನು ಒತ್ತುವ ಸದ್ದು, ಪೀಪ್, ಪೀಪ್. ಆತ ಬಾಗಿಲ ಮುಂದೆ ನಿಂತಿದ್ದ.

ಆಮೇಲೆ ಆದದ್ದನ್ನು ನಾನು ಯೋಚಿಸಿ ಮಾಡಲಿಲ್ಲ. ನನ್ನ ಬಾಯಿಂದ ಕನ್ನಡ ಬಂತು. ತಿದ್ದಿದ ಕನ್ನಡವೂ ಅಲ್ಲ, ನಮ್ಮ ಕೇರಿಯದ್ದು.

"ಲೇಯ್! ಬಾಗ್ಲು ತಗೀಬ್ಯಾಡ ಕಣ್ಲಾ! ಒಳಕ್ಕೋದ್ರೆ ಸತ್ತೋಯ್ತೀಯ! ಓಡ್ಲಾ ಆಚೆಗೆ! ಓಡು ಅಂದ್ರೆ ಓಡಬೇಕು, ಬೇವರ್ಸಿ! ಓಡೂ!"

ಗಂಟಲು ಹರಿದುಹೋಗುವ ಹಾಗೆ ಕೂಗಿದ್ದೆ. ಕೋಣೆಯೊಳಗಿದ್ದ ಮಗಳು ಓಡಿ ಬಂದಳು. ಪಕ್ಕದ ಮನೆಯವರು ಗೋಡೆ ತಟ್ಟಿದರು.  ಫೋನಿನಲ್ಲಿ ಆತ, "ಏನದು..." ಎಂದ. ಅಷ್ಟರಲ್ಲಿ ಕೆಮ್ಮಿದ. ಬಾಗಿಲ ಸಂದಿನಿಂದ ವಾಸನೆ ಬಂದಿತ್ತೋ ಏನೋ, ಮತ್ತೆ ಜೋರಾಗಿ ಕೆಮ್ಮಿದ. ಏನೋ ನೆಲಕ್ಕೆ ಬಿದ್ದ ಸದ್ದು. ಲೈನು ಹೋಯಿತು.

ಮತ್ತೆ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಆ ಊರಿನ ಅಗ್ನಿಶಾಮಕದವರ ನಂಬರು ಪರದೆಯಲ್ಲಿತ್ತು, ಅಲ್ಲಿಗೆ ಮಾಡಿದೆ. ಎತ್ತಿದ ಹೆಣ್ಣುಮಗಳು ಎಲ್ಲಿಂದ ಮಾತಾಡುತ್ತಿದ್ದೀರಿ ಎಂದಳು. ಕುವೈತ್ ಎಂದೆ. "ಕುವೈತ್?" ಎಂದು ಅವಳು ಮತ್ತೆ ಕೇಳಿದಳು. ಅವಳೂ ನನ್ನನ್ನು ಯಂತ್ರ ಅಂದುಕೊಂಡರೆ ಏನು ಮಾಡುವುದು ಎಂದು ನನಗೆ ಅಳು ಬಂತು. ಬಹುಶಃ ಆ ಅಳು ಅವಳಿಗೆ ಕೇಳಿಸಿರಬೇಕು. "ಹೊರಟಿದ್ದಾರೆ ಸರ್, ಹೊರಟರು," ಎಂದಳು.

ಆಮೇಲೆ ಕಾಯುವುದು. ಹೆಂಡತಿ ನೀರು ತಂದಿಟ್ಟಳು, ಕುಡಿಯಲಾಗಲಿಲ್ಲ. ಮಗಳು ನೆಲದ ಮೇಲೆ ನನ್ನ ಕುರ್ಚಿಗೆ ಒರಗಿ ಕೂತಿದ್ದಳು. ಕಿಟಕಿಯ ಹೊರಗೆ ಕೆಂಪು ಧೂಳು.  ಕಣ್ಣು ಮುಚ್ಚಿದರೆ, ನಾನು ಕಂಡೇ ಇರದ ಕಾರಿಡಾರಿನಲ್ಲಿ, ಕಂಡೇ ಇರದ ಮನುಷ್ಯನೊಬ್ಬ ಮುಖ ಅಡಿಯಾಗಿ ಬಿದ್ದಿರುವುದು ಕಾಣುತ್ತಿತ್ತು. ಅವನ ಪಕ್ಕದಲ್ಲಿ ಬಿದ್ದ ಮೊಬೈಲಿನಲ್ಲಿ ನನ್ನ ದನಿ ಬಹಳ ವಿನಯವಾಗಿ, ಸರ್, ದಯವಿಟ್ಟು ಒಳಗೆ ಹೋಗಬೇಡಿ, ಎನ್ನುತ್ತಲೇ ಇತ್ತು.

ಫೋನು ಬಂತು. ಅದೇ ನಂಬರು.

"ಪಾರ್ಕಿಂಗ್ ಜಾಗದಲ್ಲಿದ್ದೀನಿ," ಎಂದ. ಉಸಿರು ಕಟ್ಟಿ ಕಟ್ಟಿ ಬರುತ್ತಿತ್ತು. ಹಿಂದೆ ಸೈರನ್ ಕೇಳುತ್ತಿತ್ತು. "ನೀವು ನಿಜವಾಗಲೂ ಮನುಷ್ಯರಾ?"

"ಹೌದು."

"ಆಗ ಕೂಗಿದ್ದು ಏನು?"

"ನಮ್ಮೂರ ಮಾತು."

"ಒಂದಕ್ಷರ ತಿಳೀಲಿಲ್ಲ," ಎಂದ. "ಆದ್ರೆ ನನ್ನನ್ನ ಬೈತಾ ಇದ್ದೀರ ಅಂತ ಗೊತ್ತಾಯ್ತು. ಆ ದನಿ ಒಂದು ದಿನವೂ ನನ್ನನ್ನ ಬೈದಿರಲಿಲ್ಲ. ಕಾಲು ತಾವೇ ಹಿಂದಕ್ಕೆ ಬಂದ್ವು."

ಫೋನಿಟ್ಟೆ. ಹೆಂಡತಿ ಹೊದಿಕೆ ತಂದು ಹೊದಿಸಿದಳು. ಹೊರಗೆ ಬೆಂಕಿಯಂಥ ಧಗೆ, ಒಳಗೆ ನಾನು ರಗ್ಗು ಹೊದ್ದು ಹಲ್ಲು ಕಟಕಟಿಸುತ್ತಿದ್ದೆ.

ಮರುವಾರ ನಾನು ಮನೆಯಿಂದ ಕೆಲಸಕ್ಕೆ ಕೂತಿದ್ದಾಗ ಒಡತಿ ನನ್ನೊಬ್ಬನ ಜೊತೆ ಪರದೆಯಲ್ಲಿ ಮಾತಾಡಿದಳು. ಅದೇ ಬೋಳು ಗೋಡೆ. ಕಣ್ಣು ಕೆಂಪಾಗಿದ್ದವು, ನಿದ್ದೆ ಮಾಡಿದ ಹಾಗಿರಲಿಲ್ಲ. ಥ್ಯಾಂಕ್ಸ್ ಹೇಳಿದಳು. ಆ ಕಾರ್ಖಾನೆಯಲ್ಲಿ ರಾತ್ರಿ ಮತ್ತೊಬ್ಬರನ್ನು ಇಡಬೇಕೆಂದು ಹೇಳಿದ್ದೇನೆ ಎಂದಳು. ತಾನು ಈ ಕೆಲಸ ಶುರು ಮಾಡಿದ್ದೇ ತನ್ನ ಸೋದರಮಾವ ಒಂದು ಬಾಯ್ಲರಿನ ಪಕ್ಕ ನಿಂತಿದ್ದಾಗ ಸುಟ್ಟುಹೋದದ್ದಕ್ಕೆ ಎಂದಳು. ಯಂತ್ರದ ಪಕ್ಕ ಯಾರೂ ನಿಲ್ಲಬೇಕಾಗಿ ಬರಬಾರದು ಅನ್ನುವುದೇ ಅವಳ ಆಸೆಯಂತೆ. ಅವಳನ್ನು ನಾನು ಅಷ್ಟು ದಿನ ಮನಸ್ಸಿನಲ್ಲೇ ಏನೇನೋ ಅಂದುಕೊಂಡಿದ್ದೆ. ಆವತ್ತು ಅನ್ನಲಾಗಲಿಲ್ಲ.

ಆಮೇಲೆ ಒಂದು ಮಾತು ಕೇಳಿದಳು. ಆ ಕರೆಯ ರೆಕಾರ್ಡಿಂಗ್ ಅವರ ಬಳಿ ಇತ್ತು. ನಾನು ಕೂಗಿದ ಭಾಗವನ್ನು ಯಂತ್ರಕ್ಕೆ ಕಲಿಸಬಹುದೇ? ಪ್ರಾಣಾಪಾಯ ಇದ್ದಾಗ ಅದೂ ಹಾಗೆ ಕೂಗಿದರೆ ಜನ ಓಡುತ್ತಾರಲ್ಲವೇ?

 ಅವಳು ಕೆಟ್ಟದ್ದಕ್ಕೆ ಕೇಳಲಿಲ್ಲ, ಜೀವ ಉಳಿಸುವುದಕ್ಕೇ ಕೇಳಿದಳು. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಬೇರೆ. ಊರೂರಿನ ಯಂತ್ರದ ಕೋಣೆಗಳಲ್ಲಿ, ನೆಲ ತೊಳೆದಾಗಲೆಲ್ಲ, ನನ್ನ ಗಂಟಲು ಮಂಡ್ಯದ ಬೈಗುಳದಲ್ಲಿ ಅರಚುತ್ತದೆ. ಮೊದಲ ವಾರ ಜನ ಬೆದರಿ ಓಡುತ್ತಾರೆ. ಎರಡನೇ ವಾರ ನಗುತ್ತಾರೆ. ಮೂರನೇ ವಾರ "ಸರಿ" ಎಂದು ಗುಂಡಿ ಒತ್ತಿ ಇಡುತ್ತಾರೆ. ಆಮೇಲೆ ನಿಜವಾಗಿ ಕೂಗಬೇಕಾಗಿ ಬಂದಾಗ ನನ್ನ ಹತ್ತಿರ ಏನಿರುತ್ತದೆ?

ಇದನ್ನೇ ಹೇಳಿದೆ.  ಬೇಡ ಎಂದು ಒಡತಿಗೆ ಹೇಳುವುದೆಂದರೆ ಮೂವರ ಇಕಾಮಾ ಕೈಯಲ್ಲಿ ಹಿಡಿದು ಕಿಟಕಿಯಿಂದ ಆಚೆ ಚಾಚಿದ ಹಾಗೆ. ಮೇಜಿನ ಆ ಕಡೆ, ಕ್ಯಾಮೆರಾಕ್ಕೆ ಕಾಣದ ಹಾಗೆ ಕೂತಿದ್ದ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬೇಡ ಅನ್ನುತ್ತಾಳೇನೋ ಎಂದು ನೋಡಿದೆ. ಅವಳು ಕಣ್ಣಲ್ಲೇ, ಹೇಳಿ, ಎಂದಳು.

"ಕೂಗೂ ಬೇಡ, ಮಾತೂ ಬೇಡ. ನನ್ನ ದನಿಯನ್ನು ಪೂರ್ತಿ ತೆಗೆದುಬಿಡಿ ಮೇಡಂ. ಕೂತು ಕಾಯುವ ಕೆಲಸ ಮಾಡುತ್ತೇನೆ. ಯಂತ್ರದ ಕರೆ ಆದ ಮೇಲೆ ನಾವೂ ಒಮ್ಮೆ ಫೋನು ಮಾಡುವುದಕ್ಕೆ ಬಿಡಿ."

ಯೋಚಿಸುತ್ತೇನೆ ಎಂದಳು. ಆ ಯೋಚನೆ ತಿಂಗಳುಗಟ್ಟಲೆ ನಡೆಯಿತು. ಆ ದಿನಗಳಲ್ಲಿ ನಾನು ಸರಿಯಾಗಿ ಉಂಡದ್ದು ನೆನಪಿಲ್ಲ. ಬಾಗಿಲ ಗಂಟೆ ಬಾರಿಸಿದರೆ ಬೆಚ್ಚುತ್ತಿದ್ದೆ, ಬಂದವನು ಕೆಳಗಿನ ಬಕಾಲಾ ಅಂಗಡಿಯಿಂದ ಹಾಲು ತಂದವನಾಗಿರುತ್ತಿದ್ದ. ಕೊನೆಗೆ ಒಂದು ದಿನ ಮಂದೂಬ್ ನನ್ನ ಮೇಜಿನ ಹತ್ತಿರ ಬಂದು ನಿಂತರು. ನಾನು ಎದ್ದು ನಿಂತೆ. ಅವರು ಇಕಾಮಾ ಹೊಸದು ಮಾಡುವುದಕ್ಕೆ ಪಾಸ್‌ಪೋರ್ಟಿನ ಪ್ರತಿ ಕೇಳುವುದಕ್ಕೆ ಬಂದಿದ್ದರು. ಒಂದೇ ವರ್ಷಕ್ಕೆ. ಮುಂಚೆ ಮೂರು ವರ್ಷಕ್ಕೆ ಮಾಡಿಸುತ್ತಿದ್ದರು.

ನನ್ನ ದನಿಯನ್ನು ತೆಗೆದರು. ಫೋನು ಮಾಡುವುದಕ್ಕೂ ಬಿಟ್ಟರು. ಐಸ್‌ಕ್ರೀಮ್ ಕಾರ್ಖಾನೆಯಲ್ಲಿ ಈಗ ರಾತ್ರಿ ಇಬ್ಬರಿದ್ದಾರೆ, ಬೇರೆ ಕಡೆಗಳಲ್ಲಿ ಇನ್ನೂ ಒಬ್ಬರೇ. ಆ ಒರಟು ಗಂಟಲಿನವರು ಕೆಲಸ ಬಿಟ್ಟು ಶಾಲೆಯ ಬಸ್ಸು ಓಡಿಸುತ್ತಿದ್ದಾರಂತೆ. ಅವರ ಜಾಗಕ್ಕೆ ಬಂದವರು ಹೇಳಿದರು.

ಯಂತ್ರಕ್ಕೆ ಈಗ ಹೆಂಗಸಿನ ದನಿ. ತುಂಬ ಮೃದು. ಎಲ್ಲಿಯವಳೋ, ಯಾವ ಊರಿನಲ್ಲಿ ಯಾವ ಮುಚ್ಚಿದ ಕೋಣೆಯಲ್ಲಿ ಕೂತು ಓದಿದಳೋ ಗೊತ್ತಿಲ್ಲ. ಅವಳಿಗೆ ಗೊತ್ತಿದೆಯೋ ಇಲ್ಲವೋ ಅದೂ ತಿಳಿಯದು.

ಮೊನ್ನೆ ಒಂದು ಕೋಳಿ ಮಾಂಸದ ಶೈತ್ಯಾಗಾರದಲ್ಲಿ ಹಳದಿ ದೀಪ ಹತ್ತಿತು. ಅವಳ ದನಿ ಫೋನು ಮಾಡಿತು, ಆ ಕಡೆಯವರು ಒತ್ತಿ ಇಟ್ಟರು. ನಾನು ಫೋನೆತ್ತಿಕೊಂಡು ಅದೇ ನಂಬರಿಗೆ ಮಾಡಿದೆ. ಗಂಟೆ ಬಾರಿಸಿತು, ಬಾರಿಸಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ.  ಕೊನೆಗೆ ಒಬ್ಬ ಹುಡುಗನಂಥ ದನಿ ಹಲೋ ಎಂದಿತು, ಬಾಯಲ್ಲಿ ಏನೋ ಅಗಿಯುತ್ತ. ಪೈಪಿನ ಮೇಲಿನ ಮಂಜು ಕರಗಿ ಸೆನ್ಸರಿಗೆ ನೀರು ಬಿದ್ದಿತ್ತಂತೆ, ಒರೆಸಿದ್ದಾನಂತೆ.

"ಸರಿ," ಎಂದೆ. "ಆದರೂ ಸ್ವಲ್ಪ ಹೊತ್ತು ಆ ಕೋಣೆಗೆ ಹೋಗಬೇಡಿ. ನಾನು ನೋಡ್ತಾ ಇರ್ತೀನಿ."

ಆತ ಸರಿ ಎಂದು ಇಟ್ಟ. ನಾನು ದೀಪ ಹಸಿರಾಗುವವರೆಗೂ ನೋಡುತ್ತ ಕೂತೆ.